ತಾಳ ತಪ್ಪಿದವರು ಯಾರು?

ಪಾಕ್-ಕಿಯು ಅಣ್ಣನಿಗೆ,

ಅಣ್ಣ ಎಂದು ಬರೆದದ್ದು ರೂಢಿಯಿಂದ, ಪ್ರೀತಿಯಿಂದಲ್ಲ. ನೀನೂ ನನ್ನ ಗಂಡ ಆ-ಲುನ್ ಕೂಡ ನಾಟಕ ಶಾಲೆಯಲ್ಲಿ ಒಬ್ಬನೇ ಗುರುವಿನ ಬೆತ್ತದೇಟು ತಿಂದು, ಒಂದೇ ಚಾಪೆಯ ಮೇಲೆ ಲಾಗ ಹಾಕಲು ಕಲಿತವರು. ನೀನು ಮೊದಲು ಸೇರಿದವನು, ಹಾಗಾಗಿ ಅವನಿಗೆ ಅಣ್ಣ, ಅವನಿಂದ ನನಗೂ ಅಣ್ಣ. ಇಷ್ಟು ವರ್ಷ ನಿನ್ನನ್ನು ಬಹುವಚನದಲ್ಲೇ ಮಾತನಾಡಿಸಿದ್ದೇನೆ. ಇವತ್ತು ಅದು ಬಾಯಿಗೆ ಬರುತ್ತಿಲ್ಲ. ಬರದಿದ್ದರೆ ಬೇಡ ಬಿಡು.

ನೀನು ಕಳಿಸಿದ ಟಿಕೆಟ್ ಸಿಕ್ಕಿತು. ಚಿಮ್ ಸಾ ಚೊಯಿಯ ಆ ದೊಡ್ಡ ಸಭಾಂಗಣಕ್ಕೆ ಭಾನುವಾರ ಮಧ್ಯಾಹ್ನ ಬಂದೆವು. ನೀನು ನಿರ್ದೇಶಿಸಿದ ಹಳೆಯ ಸಿನಿಮಾದ ರೀಲನ್ನು ತೊಳೆದು, ಬಣ್ಣ ತುಂಬಿ, ಸದ್ದನ್ನೆಲ್ಲ ಹೊಸದಾಗಿ ಹಾಕಿಸಿದ್ದೀಯಂತೆ. ಗಾಲಿಕುರ್ಚಿಗೆ ಜಾಗ ಬೇಕೆಂದು ನಮ್ಮನ್ನು ಬಾಗಿಲ ಪಕ್ಕದ ಮೂಲೆಯಲ್ಲಿ ನಿಲ್ಲಿಸಿದರು. ಆ-ಲುನ್ ಮಾತ್ರ ಮದುವೆಗೆ ಹೊರಟವನ ಹಾಗೆ ತಲೆಗೆ ಎಣ್ಣೆ ಹಚ್ಚಿಸಿಕೊಂಡು, ನೀಲಿ ಕೋಟು ಹಾಕಿಸಿಕೊಂಡು ಬಂದಿದ್ದ. ‘ಅಣ್ಣ ನೆನಪಿಟ್ಕೊಂಡು ಕರ್ದಿದಾನೆ ನೋಡೇ’ ಎಂದು ದಾರಿಯುದ್ದಕ್ಕೂ ನನ್ನ ತಲೆ ತಿಂದ.

ವೇದಿಕೆಯ ಮೇಲೆ ನಿಂತು ನೀನು ಎಷ್ಟು ಚಂದ ಮಾತನಾಡಿದೆ! ಕ್ಯಾಮೆರಾದೊಳಗಿನ ರೀಲನ್ನು ನಿಧಾನ ಓಡಿಸಿದರೆ ಪರದೆಯ ಮೇಲೆ ಕೈಕಾಲು ಮಿಂಚಿನಂತೆ ಓಡುತ್ತವೆ ಎಂದೆ. ಗೋಡೆಯಿಂದ ಕೆಳಕ್ಕೆ ಹಾರಿಸಿ ರೀಲನ್ನು ಹಿಂದುಮುಂದಾಗಿ ಓಡಿಸಿದರೆ ಮನುಷ್ಯ ಗೋಡೆ ಏರಿದಂತೆ ಕಾಣುತ್ತದೆ ಎಂದೆ. ಅಂಗಿಗೆ ಬಿಳಿ ಪುಡಿ ಉದುರಿಸಿಟ್ಟರೆ ಒಂದೊಂದು ಏಟಿಗೂ ಧೂಳು ಏಳುತ್ತದೆ, ತಂತಿಗೆ ಬೂಟಿನ ಪಾಲಿಶ್ ಬಳಿದರೆ ಆಕಾಶದಲ್ಲಿ ಅದು ಕಾಣುವುದಿಲ್ಲ ಎಂದೆ. ಓದಿದ ಹುಡುಗ ಹುಡುಗಿಯರು ಬಾಯಿ ಬಿಟ್ಟುಕೊಂಡು ಕೇಳಿದರು. ಎಲ್ಲವೂ ನಿಜವೇ. ಎಲ್ಲವನ್ನೂ ‘ನಾನು ಮಾಡಿದೆ’ ಎಂದೆಯಲ್ಲ, ಅದೊಂದು ಬಿಟ್ಟು.

ಆಮೇಲೆ ಚಹಾ ಮನೆಯ ಮಾಡಿನಿಂದ ಬೀಳುವ ಆ ದೃಶ್ಯಕ್ಕೆ ಬಂದೆ. ‘ಅವತ್ತು ನಮ್ಮ ತಮ್ಮ ಒಬ್ಬ ಸ್ವಲ್ಪ ತಾಳ ತಪ್ಪಿದ. ಆದ್ರೆ ಎಂಥಾ ಶಾಟ್ ಕೊಟ್ಟ ಅಂತೀರಿ! ಇಲ್ಲೇ ಇದಾನೆ. ಎಲ್ಲಪ್ಪಾ ಆ-ಲುನ್, ಕೈ ಎತ್ತು ನೋಡೋಣ!’ ಎಂದೆ. ಜನ ತಿರುಗಿ ನೋಡಿ ಚಪ್ಪಾಳೆ ತಟ್ಟಿದರು. ಅವನು ಕೈ ಎತ್ತಿದ. ನಗುನಗುತ್ತಾ ಎತ್ತಿದ.

ತಾಳ ತಪ್ಪಿದವನು. ಈ ಹೆಸರು ಅವನಿಗೆ ಕೊಟ್ಟವನು ನೀನು. ಮಾಡಿನಂಚಿನಲ್ಲಿ ಸೊಂಟದ ಪಟ್ಟಿಗೆ ಕಟ್ಟಿದ ತಂತಿಯ ಮೇಲೆ ಭಾರ ಬಿಟ್ಟು ಮುಂದಕ್ಕೆ ಬಾಗಿ ನಿಂತವನು, ಕೆಳಗೆ ಜಾಗಟೆ ಬಾರಿಸಿದಾಗ ಹಾರಬೇಕಿತ್ತು. ಜಾಗಟೆಗೆ ಮೊದಲೇ ಹೋದ. ರಟ್ಟಿನ ಪೆಟ್ಟಿಗೆ ಪೇರಿಸಿದ ಜಾಗಕ್ಕೆ ತಲುಪದೆ ಕಲ್ಲಿನ ಮೇಲೆ ಬಿದ್ದ. ಕೆಳಗಿದ್ದವರಿಗೆ ಕಂಡದ್ದು ಅಷ್ಟೇ. ಗಾಳಿಯ ಯಂತ್ರಗಳು ಬೊಬ್ಬಿಡುತ್ತಿದ್ದವು, ಜಾಗಟೆ ಬಿಟ್ಟರೆ ಬೇರೆ ಯಾವ ಸದ್ದೂ ಕೆಳಗಿದ್ದವರಿಗೆ ಕೇಳುವಂತಿರಲಿಲ್ಲ. ಮಾಡಿನ ಮೇಲೆ, ತಂತಿ ಹಾಯುವ ರಾಟೆಯ ಪಕ್ಕ ಇದ್ದವನು ನೀನೊಬ್ಬನೇ. ಕಂಪನಿಯವರು ಕೇಳಿದಾಗ ‘ತಂತಿ ಸರಿಯಾಗೇ ಇತ್ತು, ಹುಡುಗ ಅವಸರ ಮಾಡಿದ’ ಎಂದೆ. ಅಣ್ಣನ ಮಾತು. ಯಾರು ಎದುರಾಡುತ್ತಾರೆ? ತಲೆಗೆ ಪೆಟ್ಟಾಗಿ ಆ-ಲುನ್‌ಗೆ ಆ ದಿನವೇ ನೆನಪಿನಿಂದ ಅಳಿಸಿಹೋಗಿತ್ತು. ಬೆಳಗ್ಗೆ ಮೀನಿನ ಗಂಜಿ ಕುಡಿದದ್ದು ಬಿಟ್ಟು ಬೇರೇನೂ ಗೊತ್ತಿಲ್ಲ ಎನ್ನುತ್ತಿದ್ದ. ಹಾಗಾಗಿ ನಿನ್ನ ಮಾತನ್ನು ನನಗಿಂತ ಮೊದಲು ನಂಬಿದವನು ಅವನೇ.

ಗುರುಗಳು ಆಸ್ಪತ್ರೆಗೆ ಬಂದರು. ಹಾಸಿಗೆಯ ಹತ್ತಿರ ಬರಲಿಲ್ಲ, ಬಾಗಿಲಲ್ಲೇ ನಿಂತು, ‘ಚಿಕ್ಕಂದಿನಿಂದ ಹೇಳ್ಕೊಟ್ಟಿದ್ದು ತಾಳ ಒಂದೇ. ಅದನ್ನೇ ಮರೆತೆಯಲ್ಲೋ’ ಎಂದು ಹೊರಟುಹೋದರು. ಹೊಸ ಮಕ್ಕಳಿಗೆ ಪಾಠ ಹೇಳುವಾಗ ಅವನ ಹೆಸರನ್ನೇ ಬೆದರುಗೊಂಬೆ ಮಾಡಿದರು. ಹಾಗೆಯೇ ತೀರಿಕೊಂಡರು. ಕೊನೆಯ ದರ್ಶನಕ್ಕೆ ಬಾ ಎಂದರೆ ಇವನು, ‘ಯಾವ ಮುಖ ಇಟ್ಕೊಂಡು ಬರ್ಲಿ?’ ಎಂದು ಗೋಡೆಯ ಕಡೆ ತಿರುಗಿದ. ಕಾಲು ಹೋದದ್ದಕ್ಕೆ ಅವನು ಅತ್ತದ್ದನ್ನು ನಾನು ಕಂಡಿಲ್ಲ. ತಾಳಕ್ಕೆ ಅತ್ತಿದ್ದಾನೆ. ಅವನ ಬೆರಳುಗಳಿಗೆ ಹಿಡಿತವಿಲ್ಲ, ಅಲುಗಾಡುತ್ತವೆ ಅಷ್ಟೇ. ಆ ಬೆರಳುಗಳಿಂದ ದಿನಾ ಬೆಳಗ್ಗೆ ಹಾಸಿಗೆಯ ಮೇಲೆ ತಕ್ ತಕ್ ಚಾಂಗ್, ತಕ್ ತಕ್ ಚಾಂಗ್ ಎಂದು ಬಡಿಯುತ್ತಾ, ಎಲ್ಲಿ ತಪ್ಪಿದೆ ಎಂದು ಹುಡುಕುತ್ತಾನೆ. ನಾನು ಅಡುಗೆ ಮಾಡುತ್ತಾ ಅದನ್ನು ಕೇಳುತ್ತೇನೆ. ಕೇಳಿ ಕೇಳಿ ನನ್ನ ಕಿವಿ ಸವೆದಿದೆ.

ಈಗ ಸದ್ದಿನ ವಿಷಯಕ್ಕೆ ಬರುತ್ತೇನೆ. ನಾನು ಪಾಂಗ್ ಚಿಕ್ಕಪ್ಪನ ಸದ್ದಿನ ಕೋಣೆಯಲ್ಲಿ ಕೆಲಸ ಮಾಡಿದವಳು. ಆಗ ಚಿತ್ರವನ್ನೆಲ್ಲ ಮೂಕವಾಗಿ ತೆಗೆದು ತರುತ್ತಿದ್ದಿರಿ, ಅದಕ್ಕೆ ಬಾಯಿ ಕೊಡುತ್ತಿದ್ದವರು ನಾವು. ನಿಮ್ಮ ನಾಯಕನ ಮುಷ್ಟಿ ಎಂದರೆ ಚಿಕ್ಕಪ್ಪ ಹಳೆಯ ಚರ್ಮದ ಸೋಫಾಕ್ಕೆ ಬಾರಿಸುವ ದೊಣ್ಣೆ. ಅವನ ಕತ್ತಿ ಎಂದರೆ ನಮ್ಮ ಬಾಣಲೆಯ ಸಟ್ಟುಗ. ಮೂಳೆ ಮುರಿಯಬೇಕಾದರೆ ಒದ್ದೆ ಬಟ್ಟೆ ಸುತ್ತಿ ಕಬ್ಬು ಮುರಿಯುತ್ತಿದ್ದೆವು, ಆಮೇಲೆ ಕೂತು ತಿನ್ನುತ್ತಿದ್ದೆವು. ನಾಯಕಿ ಗಾಳಿಯಲ್ಲಿ ತೇಲುವಾಗ ಪಟಪಟ ಎನ್ನುವ ರೇಷ್ಮೆ ನನ್ನ ಕೈಯಲ್ಲಿರುತ್ತಿತ್ತು. ಆ ಕೋಣೆಯಲ್ಲಿ ಚಿಕ್ಕಪ್ಪನ ಒಂದು ಕಟ್ಟಳೆ ಇತ್ತು. ‘ಸುಳ್ಳು ಏಟಿಗೆ ಸದ್ದು ಕೊಡೋದು ನಮ್ಮ ಕಸುಬು. ನಿಜವಾಗ್ಲೂ ಪೆಟ್ಟಾದ ಕಡೆ ಕೈ ಇಡ್ಬೇಡಿ. ಅವನ ನೋವಿಗೆ ತಮಟೆ ಬಾರಿಸೋಕೆ ನಾವ್ಯಾರು?’ ಎನ್ನುತ್ತಿದ್ದರು. ಅದಕ್ಕೇ ಆ-ಲುನ್ ನಿಜವಾಗಿ ಬಿದ್ದದ್ದನ್ನೇ ನೀನು ಚಿತ್ರದಲ್ಲಿ ಉಳಿಸಿಕೊಂಡೆಯಲ್ಲ, ಆ ತುಣುಕಿಗೆ ಅವರು ಯಾವ ಸದ್ದನ್ನೂ ಹಾಕಲಿಲ್ಲ. ಮೂರು ಕ್ಯಾಮೆರಾಗಳಿಂದ ಮೂರು ಸಲ ಅವನು ಬೀಳುತ್ತಾನೆ, ಮೂರು ಸಲವೂ ಮೌನ. ನೀನು ಆಗ ಹಾರಾಡಿದ್ದೆ. ‘ಥಿಯೇಟರ್‌ನಲ್ಲಿ ಮೆಷಿನ್ ಕೆಟ್ಟಿದೆ ಅಂತ ಸೀಟು ಹರೀತಾರೆ ಕಣಯ್ಯ ಮುದುಕ!’ ಎಂದು ಚಿಕ್ಕಪ್ಪನನ್ನು ಬೈದದ್ದು ನನ್ನೆದುರಿಗೇ. ಚಿಕ್ಕಪ್ಪ ಸಟ್ಟುಗ ಕೆಳಗಿಟ್ಟು, ‘ಹಾಗಾದ್ರೆ ಬೇರೆಯೋರ ಹತ್ರ ಹಾಕಿಸ್ಕೋ’ ಎಂದರು. ಬಿಡುಗಡೆ ಹತ್ತಿರವಿತ್ತು, ನೀನು ಬಾಯಿ ಮುಚ್ಚಿಕೊಂಡೆ. ಆಮೇಲೆ ಪರದೇಶದವರು ಆ ಮೌನವನ್ನು ಹೊಗಳಿ ಬರೆದರು. ಅಲ್ಲಿಂದ ಶುರುವಾಯಿತು ನೋಡು, ‘ನಾನು ಶೂನ್ಯವನ್ನು ತೋರಿಸಲು ಬಯಸಿದೆ’ ಎಂಬ ನಿನ್ನ ಪ್ರವಚನ! ಯಾರೋ ಹೆತ್ತ ಮಗುವಿಗೆ ಹೆಸರಿಟ್ಟು ಮೆರೆಯುವುದು ನಿನಗೆ ಹೊಸದಲ್ಲ. ಅದನ್ನೂ ನುಂಗಿಕೊಂಡಿದ್ದೆ.

ಆದರೆ ಭಾನುವಾರ ಆ ಮೌನ ಅಲ್ಲಿ ಇರಲಿಲ್ಲ. ಪರದೆಯ ಮೇಲೆ ಆ-ಲುನ್ ಮಾಡಿನಂಚಿನಲ್ಲಿ ಬಾಗಿ ನಿಂತ. ಟಿಣ್ ಎಂದಿತು. ಆಮೇಲೆ ಅವನ ಕಾಲು ಕದಲಿತು. ಆಮೇಲೆ ಕಲ್ಲು. ನನ್ನ ಪಕ್ಕದ ಸಾಲಿನಲ್ಲಿ ಕನ್ನಡಕದ ಒಬ್ಬ, ‘ತಂತಿವಾದ್ಯದ ತಂತಿ ಕಡಿದ ಹಾಗಿದೆ, ಆಹಾ, ಎಂಥ ರೂಪಕ!’ ಎಂದು ಗೆಳತಿಗೆ ಪಿಸುಗುಟ್ಟಿದ. ನನಗೂ ಆಗ ಮೌನ ಕೆಡಿಸಿದ್ದಕ್ಕೆ ಸಿಟ್ಟು ಬಂತೇ ಹೊರತು ಬೇರೇನೂ ಹೊಳೆಯಲಿಲ್ಲ.

ಹೊಳೆದದ್ದು ಅವನಿಗೆ. ಮರುದಿನ ಬೆಳಗ್ಗೆ ಗಂಜಿ ಕುಡಿಸುತ್ತಿದ್ದೆ. ಬಾಯಿ ತೆರೆಯಲಿಲ್ಲ. ‘ಸೌ-ಹಿಂಗ್, ನಾನು ಹಾರೋಕೆ ಮುಂಚೆ ಟಿಣ್ ಅಂತಲ್ಲ, ಅದೇನದು?’ ಎಂದ. ಯಾವುದೋ ವಾದ್ಯ ಇರಬೇಕು ಎಂದೆ. ‘ವಾದ್ಯ ಅಲ್ಲ ಕಣೇ. ತಂತಿ ಕಟ್ಟಿದ ಕೈ ಇದು. ಉಕ್ಕಿನ ತಂತಿ ಭಾರ ತಡೀದೆ ಕಡಿದ್ರೆ ಹಾಗೇ ಅನ್ನೋದು. ಅಣ್ಣ ಅದನ್ನ ಯಾಕೆ ಹಾಕಿಸ್ದ? ಕತೇಲಿ ತಂತೀನೇ ಇಲ್ವಲ್ಲ!’

ಹೌದಲ್ಲ! ಕತೆಯಲ್ಲಿ ಅವನು ವೈರಿಯ ಒದೆ ತಿಂದು ಬೀಳುವವನು. ತಂತಿಯನ್ನು ಕಣ್ಣಿಗೆ ಕಾಣದಂತೆ ಬಚ್ಚಿಡುವುದೇ ನಿಮ್ಮ ವಿದ್ಯೆ, ಅದರ ಸದ್ದನ್ನು ಯಾವ ಹುಚ್ಚ ಕೇಳಿಸುತ್ತಾನೆ? ನಿನ್ನ ಹೊಸ ಸ್ಟುಡಿಯೋದ ಎಂಜಿನಿಯರ್ ಯಿಪ್‌ಗೆ ಫೋನ್ ಮಾಡಿದೆ. ಪಾಂಗ್ ಚಿಕ್ಕಪ್ಪನ ಕೋಣೆಯವಳು ಎಂದದ್ದಕ್ಕೆ ಮರ್ಯಾದೆಯಿಂದಲೇ ಮಾತನಾಡಿದ. ‘ನಾನೂ ಕೇಳ್ದೆ ಕಣಮ್ಮ, ಇಲ್ಲಿ ತಂತಿ ಎಲ್ಲಿಂದ ಬಂತು ಸಾರ್ ಅಂತ. ಹಾಕಯ್ಯ, ಅದು ಹಾಗೇ ಇತ್ತು ಅಂದ್ರು. ಕಾಲು ಕದಲೋಕೆ ಮೊದ್ಲೇ ಬರ್ಬೇಕು ಅಂತ ಹಠ. ನಾಲ್ಕಾರು ತರ ತಂತಿ ತರಿಸಿ ಕಡಿದ್ವಿ, ಯಾವುದೂ ಒಪ್ಪಲಿಲ್ಲ. ಕೊನೇದು ಕೇಳಿ ಕಣ್ಣು ಮುಚ್ಚಿ ಕೂತ್ಬಿಟ್ರು. ಇದೇ, ಇದೇ ಅಂದ್ರು’ ಎಂದ.

ಹಾಗೇ ಇತ್ತು. ಯಾರಿಗೆ ಗೊತ್ತಿತ್ತು ಹಾಗೇ ಇತ್ತು ಎಂದು? ತಂತಿ ಮೊದಲು ಹೋಯಿತು, ಆಮೇಲೆ ಅವನು ಹೋದ. ನೀನು ಆ ಸದ್ದನ್ನು ಕೇಳಿದ್ದೆ. ಕೇಳಿಕೊಂಡೇ ಕೆಳಗಿಳಿದು ಬಂದು, ಎಲ್ಲರಿಗಿಂತ ಮೊದಲು ಓಡಿ, ಅವನ ಸೊಂಟದ ಪಟ್ಟಿಯನ್ನೂ ತಂತಿಯ ತುಂಡನ್ನೂ, ಕಡಿದ ತುದಿ ಯಾರ ಕಣ್ಣಿಗೂ ಬೀಳದಂತೆ, ನಿನ್ನ ಕೈಯಾರೆ ಬಿಚ್ಚಿದೆ. ‘ಅಣ್ಣ ಅಂದ್ರೆ ಹೀಗಿರ್ಬೇಕು’ ಎಂದು ಜನ ಕಣ್ಣೀರಿಟ್ಟರು. ತಂತಿ ಕಟ್ಟಿದವನೇ ಮೊದಲು ಅದರಲ್ಲಿ ನೇತಾಡಿ ನೋಡಬೇಕು, ಆಮೇಲೆಯೇ ಇನ್ನೊಬ್ಬನನ್ನು ನೇತುಹಾಕಬೇಕು ಎಂಬುದು ನಿಮ್ಮ ಗುಂಪಿನ ನಿಯಮ. ಅವತ್ತು ಕಟ್ಟಿದವನು ನೀನು. ನೇತಾಡಿ ನೋಡಿದೆಯಾ? ಶೂಟಿಂಗಿಗೆ ಬೆಳಕು ಹೋಗುತ್ತಿತ್ತು, ಹೊತ್ತಿರಲಿಲ್ಲ ಎನ್ನುತ್ತೀಯಾ? ಥೂ ನಿನ್ನ ಬೆಳಕಿಗೆ!

ನಾಲಿಗೆಯಿಂದ ಎಷ್ಟೋ ಸುಳ್ಳು ಹೇಳಿ ದಕ್ಕಿಸಿಕೊಂಡವನು ನೀನು, ಕಿವಿಯಿಂದ ಸುಳ್ಳು ಹೇಳಿಸಲು ಆಗಲಿಲ್ಲ. ಕಸುಬಿನ ಹುಚ್ಚು ನಿನ್ನನ್ನು ಹಿಡಿದುಕೊಟ್ಟಿತು. ಇಲ್ಲ, ನಿನಗೂ ಒಳಗೊಳಗೆ ಕೊರೆದಿತ್ತೋ ಏನೋ. ಕೊರೆದಿದ್ದರೆ ಕತ್ತಲ ಸಭಾಂಗಣದಲ್ಲಿ ಟಿಣ್ ಎನ್ನಿಸಿ ಕೈ ತೊಳೆದುಕೊಳ್ಳುವುದೇ? ಬೆಳಕಿದ್ದಾಗ ಅದೇ ವೇದಿಕೆಯಲ್ಲಿ ‘ತಾಳ ತಪ್ಪಿದ’ ಎಂದೆಯಲ್ಲೋ!

ಇದಕ್ಕಿಂತ ನನ್ನನ್ನು ಉರಿಸುವುದು ಇನ್ನೊಂದಿದೆ. ಆ-ಲುನ್‌ಗೆ ನಿನ್ನ ಮೇಲೆ ಸಿಟ್ಟಿಲ್ಲ. ಯಿಪ್ ಹೇಳಿದ್ದನ್ನು ಕೇಳಿ ಹಾಸಿಗೆಯ ಮೇಲೆ ತಕ್ ತಕ್ ಚಾಂಗ್ ಎಂದು ಒಮ್ಮೆ ಬಡಿದ. ಆಮೇಲೆ, ‘ಹಾಗಾದ್ರೆ ನಾನು ಸರಿಯಾಗೇ ನಿಂತಿದ್ದೆ. ಜಾಗಟೆಗೇ ಕಾಯ್ತಿದ್ದೆ’ ಎಂದ. ಪಕ್ಕದ ಮನೆಯ ಮುದುಕಿಯನ್ನು ಕರೆಸಿ ಹೇಳಿದ. ಪೇಪರ್ ಹಾಕಲು ಬಂದವನಿಗೂ ಹೇಳಿದ. ಗುರುಗಳ ಫೋಟೋದ ಮುಂದೆ ಅಗರಬತ್ತಿ ಹಚ್ಚಿಸಿ, ಅವರಿಗೂ ಹೇಳಿದ. ‘ಅಣ್ಣ ಕೊನೆಗೂ ನಿಜ ಹೇಳ್ದ ನೋಡೇ, ಅವನ ಥರದಲ್ಲಿ’ ಎಂದು ನಿನ್ನನ್ನೇ ಹೊಗಳುತ್ತಾನೆ! ನಿನಗೆ ಒಂದು ಬುಟ್ಟಿ ಕಿತ್ತಳೆ ಕಳಿಸು ಎನ್ನುತ್ತಾನೆ. ಅವನು ದೊಡ್ಡವನಿರಬಹುದು. ನಾನು ಅಲ್ಲ. ಅವನ ಪಾಲಿನ ಸಿಟ್ಟನ್ನೂ ನಾನೇ ಇಟ್ಟುಕೊಂಡಿದ್ದೇನೆ.

ಕಿತ್ತಳೆ ಬರುವುದಿಲ್ಲ. ನೀನು ಬರಬೇಕು. ತಪ್ಪು ಮಾಡಿದವನು ಚಹಾ ಬಗ್ಗಿಸಿ ಎರಡೂ ಕೈಯಲ್ಲಿ ಕೊಡಬೇಕು, ಇದು ನಿನಗೆ ನಾನು ಹೇಳಿಕೊಡಬೇಕಿಲ್ಲ. ಅಣ್ಣ ತಮ್ಮನಿಗೆ ಕೊಡುವ ಪದ್ಧತಿ ಇಲ್ಲ ಎಂದು ಮಾತ್ರ ಹೇಳಬೇಡ, ತಮ್ಮನನ್ನು ಕಲ್ಲಿಗೆ ಬಿಟ್ಟು ಅವನ ಮೇಲೆಯೇ ಅಪವಾದ ಹೊರಿಸುವ ಪದ್ಧತಿಯೂ ಇಲ್ಲ. ನಿಮ್ಮ ಗುಂಪಿನ ಹಳಬರನ್ನೆಲ್ಲ ಕರೆದಿರುತ್ತೇನೆ. ಎಲ್ಲರೆದುರು ‘ತಂತಿ ಹೋಯಿತು, ನೀನು ತಪ್ಪಲಿಲ್ಲ’ ಎಂದು ಬಾಯಿಬಿಟ್ಟು ಹೇಳು. ನಮ್ಮ ಲಿಫ್ಟ್ ನಮ್ಮ ಮಹಡಿಯಲ್ಲಿ ನಿಲ್ಲುವುದಿಲ್ಲ, ಒಂದು ಮಹಡಿ ಹತ್ತಬೇಕು. ಹತ್ತು. ನೀರು ಕುದಿಸಿಟ್ಟಿರುತ್ತೇನೆ, ಅಷ್ಟೇ ನನ್ನ ಕೆಲಸ. ಬಟ್ಟಲನ್ನು ಅವನ ಕೈಗೆ ಕೊಟ್ಟು ಎದ್ದು ಹೋಗಬಹುದು ಎಂದುಕೊಳ್ಳಬೇಡ, ಅವನ ಕೈ ಬಟ್ಟಲು ಹಿಡಿಯಲಾರದು. ಅವನು ಕುಡಿದು ಮುಗಿಸುವವರೆಗೂ ಮೊಣಕಾಲೂರಿ ಅವನ ತುಟಿಗೆ ನೀನೇ ಹಿಡಿದಿರಬೇಕು, ಅವನ ಮುಖ ನೋಡುತ್ತಾ.

ಅಲ್ಲಿಯವರೆಗೆ ನಿನಗೆ ಏನೂ ಆಗದಿರಲಿ, ಮೆಟ್ಟಿಲು ಹತ್ತುವ ಕಾಲು ಗಟ್ಟಿಯಾಗಿರಲಿ ಎಂದು ನಾಟಕದವರ ದೇವರು ವಾ ಕ್ವಾಂಗ್‌ಗೆ ಹರಕೆ ಹೊತ್ತಿದ್ದೇನೆ.

ಆ-ಲುನ್‌ನ ಹೆಂಡತಿ,
ಸೌ-ಹಿಂಗ್