ಸೇನಾಧಿಪತಿಯ ಹತ್ತಿರ ಟೋಕನ್ ಇರಲಿಲ್ಲ

ಯಾರಿಗೆ ಕಣ್ಣಿದೆ, ಯಾರಿಗಿಲ್ಲ ಎಂದು ತೀರ್ಮಾನಿಸುವ ಕಚೇರಿಯ ಮುಖ್ಯಸ್ಥರಾದ ಮಾನ್ಯರೇ,

ತಮ್ಮ ಕಚೇರಿ ನನ್ನ ವಿಷಯದಲ್ಲಿ ಎರಡು ತೀರ್ಪು ಕೊಟ್ಟಿದೆ. ನನಗೆ ಏನೇನೋ ಕಾಣುತ್ತದೆ, ಆದ್ದರಿಂದ ನಾನು ಕುರುಡಿಯಲ್ಲ. ಬಿಳಿ ಬೆತ್ತ ಹಿಡಿದು ನಡೆಯುವ ತರಬೇತಿಗೆ ಅರ್ಹಳಲ್ಲ. ಇದು ಮೊದಲನೆಯದು. ನನಗೆ ಕಾಣುವುದು ಯಾವುದೂ ಅಲ್ಲಿಲ್ಲ, ಆದ್ದರಿಂದ ನನ್ನ ತಲೆ ನೆಟ್ಟಗಿಲ್ಲ. ಮನೆಯವರು ನನ್ನನ್ನು ಒಂಟಿಯಾಗಿ ಹೊರಗೆ ಬಿಡಬಾರದು. ಇದು ಎರಡನೆಯದು. ಎರಡೂ ಒಂದೇ ಹಾಳೆಯಲ್ಲಿ, ಒಂದೇ ಮೊಹರಿನ ಮೇಲೆ, ಜಗಳವಾಡಿದ ಓರಗಿತ್ತಿಯರಂತೆ ಒಬ್ಬರ ಮುಖ ಒಬ್ಬರು ನೋಡದೆ ಕೂತಿವೆ. ಜೀವಮಾನವೆಲ್ಲ ಇತಿಹಾಸ ಪಾಠ ಮಾಡಿದವಳು ನಾನು. ಎಷ್ಟೋ ಅರಸರ ಎಷ್ಟೋ ಹುಚ್ಚು ಆಜ್ಞೆಗಳನ್ನು ಮಕ್ಕಳಿಗೆ ಓದಿಸಿದ್ದೇನೆ. ಒಬ್ಬ ಹೆಂಗಸಿನ ಕಣ್ಣನ್ನು ಒಂದೇ ಉಸಿರಿನಲ್ಲಿ ಹೆಚ್ಚೂ ಮಾಡಿ ಕಡಿಮೆಯೂ ಮಾಡಿದ ಆಜ್ಞೆಯನ್ನು ಮಾತ್ರ ಇದುವರೆಗೆ ಕಂಡಿರಲಿಲ್ಲ. ಕಂಡಿರಲಿಲ್ಲ ಎಂಬ ಮಾತನ್ನೂ ನನ್ನ ವಿರುದ್ಧ ಬಳಸಿಕೊಳ್ಳಬೇಡಿ.

ನನ್ನ ನೋಟದ ನಡುಭಾಗ ಹೋಗಿ ಎರಡು ವರ್ಷವಾಯಿತು. ಎದುರಿಗೆ ಬಂದವರ ಮುಖವಿರಬೇಕಾದ ಕಡೆ ಒಂದು ಬೂದು ಮೋಡ. ಸುತ್ತಲಿನ ಅಂಚಿನಲ್ಲಿ ಮಾತ್ರ ಅಷ್ಟಿಷ್ಟು ಮಸುಕು ಬೆಳಕು. ನಡುನೋಟ ಹೋದ ಕೆಲವೇ ತಿಂಗಳಿಗೆ ಇವರು ಬರತೊಡಗಿದರು. ಮೊದಲು ಹಾಸಿಗೆಯ ಮೇಲೆ ಇಟ್ಟಿಗೆಯ ಗೋಡೆ ಹರಡಿಕೊಂಡಿತು, ಗಾರೆಯ ಗೆರೆಗಳ ಸಮೇತ. ಆಮೇಲೆ ಕಿಟಕಿಯ ಕಟ್ಟೆಯ ಮೇಲೆ ಗೇಣುದ್ದದ ಹೆಂಗಸರು, ನೆರಿಗೆ ನೆರಿಗೆಯ ಲಂಗ ತೊಟ್ಟು ಸಾಲಾಗಿ ನಡೆದುಹೋದರು. ಕೊನೆಗೆ ಸೇನಾಧಿಪತಿ. ಗರಿ ಸಿಕ್ಕಿಸಿದ ಶಿರಸ್ತ್ರಾಣ, ಜರಿಯ ಅಂಗಿ, ಎದೆಯ ತುಂಬ ಪದಕ, ಕಾಲಿಗೆ ರಬ್ಬರ್ ಚಪ್ಪಲಿ. ಯಾರೂ ಮಾತಾಡುವುದಿಲ್ಲ, ಏನೂ ಕೇಳುವುದಿಲ್ಲ, ತಿನ್ನುವುದಿಲ್ಲ. ನನ್ನ ಕೆಲವು ನೆಂಟರಿಗಿಂತ ಒಳ್ಳೆಯ ಅತಿಥಿಗಳು.

ಪ್ರತ್ಯಕ್ಷ ಕಂಡರೂ ಪರಾಂಬರಿಸಿ ನೋಡು ಎಂದು ಹಿರಿಯರು ಹೇಳಿದ್ದಾರಷ್ಟೆ. ನಾನು ಪರಾಂಬರಿಸಿಯೇ ಒಂದು ಸೂತ್ರ ಮಾಡಿಕೊಂಡೆ: ಮಸುಕಾಗಿ ಕಂಡರೆ ನಿಜ, ಸ್ಪಷ್ಟವಾಗಿ ಕಂಡರೆ ಸುಳ್ಳು. ಗುಂಡಿ ಎಣಿಸುವಷ್ಟು ಚೆನ್ನಾಗಿ ಯಾರಾದರೂ ಕಂಡರೆ ಅವರು ಇಲ್ಲವೇ ಇಲ್ಲ. ಈ ಸೂತ್ರ ನನ್ನನ್ನು ಬೀದಿಯಲ್ಲಿ ಒಮ್ಮೆಯೂ ಕೈಬಿಟ್ಟಿಲ್ಲ. ಕೈಬಿಟ್ಟದ್ದು ತಮ್ಮ ಕಚೇರಿಯ ಬಾಗಿಲಲ್ಲಿ.

ಅಂದು ಕಾಯುವ ಬೆಂಚಿನಲ್ಲಿ ನನ್ನ ಪಕ್ಕ ಒಬ್ಬ ನಿವೃತ್ತ ನರ್ಸ್ ಕೂತಿದ್ದರು. ಮಾತಿಗೆ ಮಾತು ಬೆಳೆದು ನಾನು ಸೇನಾಧಿಪತಿಯ ಸುದ್ದಿ ಹೇಳಿದೆ. ಆಕೆ ನನ್ನ ಮೊಣಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡರು.

"ಮೆತ್ತಗೆ ಮಾತಾಡಿ. ನಂಗೂ ಬರುತ್ತೆ. ಗೋಡೆ ತುಂಬ ಬಳ್ಳಿ. ಎಲೆ ಎಲೆ ಕಾಣ್ಸುತ್ತೆ."

"ಮತ್ತೆ ಡಾಕ್ಟರಿಗೆ ಹೇಳಿದ್ರಾ?"

"ಹೇಳೋದಾ? ಎಷ್ಟು ಜನರನ್ನ ಆ ಹುಚ್ಚರ ವಾರ್ಡಿಗೆ ನಾನೇ ತಳ್ಕೊಂಡು ಹೋಗಿದೀನಿ ತಾಯಿ. ಮಗಳಿಗೇ ಹೇಳಿಲ್ಲ. ನೀವೂ ಬಾಯಿ ಮುಚ್ಕೊಂಡು ಹೋಗಿ, ಏನೂ ಕಾಣ್ಸಲ್ಲ ಅನ್ನಿ, ಬೆತ್ತ ಇಸ್ಕೊಂಡು ಬನ್ನಿ."

ಆಕೆ ಒಳಗೆ ಹೋದರು, ಏನೂ ಕಾಣಿಸುವುದಿಲ್ಲ ಎಂದರು, ತರಬೇತಿಗೆ ಸೀಟು ಪಡೆದು ನಗುತ್ತ ಹೊರಬಂದರು. ಆಮೇಲೆ ನನ್ನ ಸರದಿ. ಬಾಗಿಲಿನವನು ನನ್ನ ಟೋಕನ್ ನಂಬರ್ ಕೂಗಿದ. ನಾನು ಎದ್ದು ಹೋದೆ. ಬಾಗಿಲಿಗೆ ಅಡ್ಡವಾಗಿ, ಗರಿ ಚೌಕಟ್ಟಿಗೆ ತಾಗುವಂತೆ, ಸೇನಾಧಿಪತಿ ನಿಂತಿದ್ದ. ಅವನಿಲ್ಲವೆಂದು ನನಗೆ ಗೊತ್ತು. ಆದರೆ ಅಷ್ಟು ಪದಕ ಹೊತ್ತವನ ಹೊಟ್ಟೆಯೊಳಗೆ ನುಗ್ಗಿ ಹೋಗಲು ಕಾಲು ಒಪ್ಪಬೇಕಲ್ಲ?

"ಏನಮ್ಮಾ, ಬಾಗಿಲು ಕಾಣ್ಸಲ್ವಾ?" ಎಂದ ಬಾಗಿಲಿನವನು. ಅಂಧರ ಪರೀಕ್ಷೆಯ ಕಚೇರಿಯಲ್ಲಿ ಇಂಥ ಪ್ರಶ್ನೆ ಕೇಳುವವನನ್ನು ಹುಡುಕಿ ನೇಮಿಸಿದ ತಮ್ಮ ದೂರದೃಷ್ಟಿಗೆ ನಮಸ್ಕಾರ.

ಸಾಲು ಮುರಿಯಬೇಡಿ ಎಂದು ಮಕ್ಕಳಿಗೆ ಹೇಳಿ ಹೇಳಿ ಸವೆದ ನನ್ನ ನಾಲಿಗೆ ನನ್ನನ್ನು ಕೇಳದೆ ಆಡಿಬಿಟ್ಟಿತು: "ಇವರು ನನಗಿಂತ ಮುಂದಿದ್ದಾರಲ್ಲಪ್ಪಾ."

"ಯಾರು?"

ಒಳಗಿದ್ದ ಪರೀಕ್ಷಕರ ಕಿವಿ ಚುರುಕು. ನಾನು ಕುರ್ಚಿಯಲ್ಲಿ ಕೂರುವ ಮೊದಲೇ ಅವರ ಪರೀಕ್ಷೆ ಶುರುವಾಗಿತ್ತು.

"ನಾನು ಕಾಣಿಸ್ತಿದೀನಾ?"

"ಇಲ್ಲ. ನಿಮ್ಮ ಪಕ್ಕದಲ್ಲಿರೋರು ಚೆನ್ನಾಗಿ ಕಾಣಿಸ್ತಾರೆ."

"ಪಕ್ಕದಲ್ಲಿ ಯಾರೂ ಇಲ್ವಲ್ಲಮ್ಮಾ."

"ಗೊತ್ತು. ಅದಕ್ಕೇ ಚೆನ್ನಾಗಿ ಕಾಣಿಸ್ತಾರೆ."

ಅವರ ಲೇಖನಿ ಬಹಳ ಹೊತ್ತು ಓಡಿದ ಸದ್ದು ಕೇಳಿಸಿತು. ನನ್ನ ಕಣ್ಣಿಗೆ ಒಂದು ಬೆಳಕನ್ನೂ ಹಿಡಿಯಲಿಲ್ಲ, ಒಂದು ಅಕ್ಷರವನ್ನೂ ಓದಿಸಲಿಲ್ಲ.

ಮಾನ್ಯರೇ, ಇದೆಲ್ಲ ನನ್ನ ಕಲ್ಪನೆ ಎಂದು ತಮ್ಮ ಪರೀಕ್ಷಕರು ಬರೆದಿದ್ದಾರೆ. ಕಲ್ಪನೆಯ ಮೇಲೆ ಇಂಥ ಅಪವಾದ ಸಲ್ಲದು. ನನ್ನ ಕಲ್ಪನೆ ಇಂದಿಗೂ ಹೇಳಿದ ಮಾತು ಕೇಳುತ್ತದೆ. ಅಮ್ಮನ ಮುಖ ಬೇಕೆಂದರೆ ತರುತ್ತದೆ, ಸಾಕೆಂದರೆ ಒಯ್ಯುತ್ತದೆ. ಇವರೋ ಕರೆದರೆ ಬರುವುದಿಲ್ಲ, ಹೋಗೆಂದರೆ ಹೋಗುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಇವನನ್ನು ನಾನೇ ಕಲ್ಪಿಸಿಕೊಂಡಿದ್ದರೆ ಅರಸರ ಕಾಲದ ಸೇನಾಧಿಪತಿಗೆ ರಬ್ಬರ್ ಚಪ್ಪಲಿ ಹಾಕುತ್ತಿದ್ದೆನೇ? ಉತ್ತರಪತ್ರಿಕೆಯಲ್ಲಿ ಯಾವ ವಿದ್ಯಾರ್ಥಿಯಾದರೂ ಹಾಗೆ ಬರೆದಿದ್ದರೆ ಸೊನ್ನೆ ಕೊಟ್ಟು ಕಳಿಸುತ್ತಿದ್ದೆ. ಅವನು ನನ್ನ ಸೃಷ್ಟಿಯಲ್ಲ ಎಂಬುದಕ್ಕೆ ಅವನ ಪಾದಗಳೇ ಸಾಕ್ಷಿ.

ಹಾಗಾದರೆ ಯಾರ ಸೃಷ್ಟಿ? ತಮಗೆ ಇದು ಬೇರೆಯವರಿಗಿಂತ ಬೇಗ ಅರ್ಥವಾಗಬೇಕು. ಒಂದು ದೊಡ್ಡ ಕಚೇರಿ. ದಿನವೂ ಮೂಟೆ ಮೂಟೆ ಕಡತ ಬರುತ್ತಿತ್ತು. ಒಂದು ದಿನ ನಿಂತುಹೋಯಿತು. ಗುಮಾಸ್ತರು ಸುಮ್ಮನೆ ಕೂರುತ್ತಾರೆಯೇ? ಹಳೆಯ ಕಡತಗಳ ತುಂಡು ಜೋಡಿಸಿ ತಾವೇ ಹೊಸ ಕಡತ ಹುಟ್ಟಿಸಿ ಅತ್ತಿಂದಿತ್ತ ಓಡಾಡಿಸುತ್ತಾರೆ. ಕಣ್ಣಿನಿಂದ ಸುದ್ದಿ ಬರುವುದು ನಿಂತಾಗ ಮೆದುಳು ಮಾಡುವುದು ಇಷ್ಟೇ. ಇದು ಹೊಸ ಸಂಗತಿಯೂ ಅಲ್ಲ. ಇನ್ನೂರು ವರ್ಷಕ್ಕೂ ಹಿಂದೆ, ದೃಷ್ಟಿ ಮಂಜಾದ ಅಜ್ಜನೊಬ್ಬನಿಗೆ ಕಂಡ ಜನರನ್ನು, ಹಕ್ಕಿಗಳನ್ನು, ಕಟ್ಟಡಗಳನ್ನು ಅವನ ಮೊಮ್ಮಗ ಬರೆದಿಟ್ಟ. ಅಜ್ಜನ ಬುದ್ಧಿ ಚೆನ್ನಾಗಿಯೇ ಇತ್ತೆಂದೂ ಬರೆದ. ಆ ಮೊಮ್ಮಗನ ಹೆಸರಿನಲ್ಲೇ ಈ ಸ್ಥಿತಿಯನ್ನು ವೈದ್ಯರು ಕರೆಯುತ್ತಾರೆ. ಎರಡು ಶತಮಾನದಲ್ಲಿ ಆ ಸುದ್ದಿ ತಮ್ಮ ಕಚೇರಿಯ ಮೆಟ್ಟಿಲು ಹತ್ತಲಿಲ್ಲವೆಂದರೆ, ಬಹುಶಃ ಬಾಗಿಲಿನವನು ತಡೆದಿರಬೇಕು.

ಇನ್ನು ಮನೆಯ ಕಥೆ. ನಾನಿರುವುದು ನನ್ನ ತಮ್ಮನ ಮನೆಯ ಮಹಡಿಯಲ್ಲಿ. ಅವನು ಅಂಗಡಿಗಳ ತಕ್ಕಡಿ ರಿಪೇರಿ ಮಾಡುವವನು. ಮೊಹರು ಬಿದ್ದದ್ದನ್ನೆಲ್ಲ ನಂಬುವುದು ಅವನ ಕಸುಬಿನ ಧರ್ಮ. ತಮ್ಮ ಕಚೇರಿಯ ಹಾಳೆ ಓದಿದ ಸಂಜೆಯೇ ಹೊರಬಾಗಿಲಿಗೆ ಬೀಗ ತಂದ. ಈಗ ಊಟಕ್ಕೆ ಕೂತರೆ ಲೋಟವನ್ನು ನನ್ನ ಮುಂದೆ ಆಡಿಸುತ್ತಾನೆ.

"ಅಕ್ಕಾ, ಇದು ಇದೆ ತಾನೇ?"

"ಲೋಟ ಇದೆ. ನಿನ್ನ ತಲೇಲಿ ಮಿದುಳು ಇದೆಯಾ ಅಂತ ನೋಡ್ಬೇಕು."

"ತಮಾಷೆ ಬೇಡಕ್ಕಾ. ಆಫೀಸಿನೋರೇ ಬರೆದಿದ್ದಾರೆ. ರಸ್ತೇಲಿ ಇಲ್ದೆ ಇರೋ ಬಸ್ಸಿಗೆ ಹೆದರಿ ಇರೋ ಬಸ್ಸಿನ ಕೆಳಗೆ ಹೋದ್ರೆ ನಾನೇನ್ ಮಾಡ್ಲಿ?"

ಅವನ ದನಿ ನಡುಗುತ್ತಿತ್ತು. ಆದ್ದರಿಂದ ಅವನ ಮೇಲೆ ನನಗೆ ಸಿಟ್ಟಿಲ್ಲ. ಅವನ ಪಾಲಿನ ಸಿಟ್ಟನ್ನೂ ತಮಗೇ ಮೀಸಲಿಟ್ಟಿದ್ದೇನೆ. ನಿಜವಾದ ಬಸ್ಸನ್ನು ಗುರುತಿಸಲೆಂದೇ ಅಲ್ಲವೇ ನಾನು ಬೆತ್ತದ ತರಬೇತಿ ಕೇಳಿದ್ದು?

ಎರಡು ಬೀದಿಯಾಚೆ ಒಂದು ಬಟ್ಟೆ ಒಗೆಯುವ ಕಾರ್ಖಾನೆಯಿದೆ. ಶಾಲೆ ಅರ್ಧಕ್ಕೆ ಬಿಟ್ಟ ಅಲ್ಲಿನ ಹೆಂಗಸರು ಈ ಬಾರಿ ಪರೀಕ್ಷೆಗೆ ಕೂರುತ್ತಿದ್ದಾರೆ. ಮಧ್ಯಾಹ್ನ ಪಾಳಿ ಬದಲಾಗುವಾಗ, ಇಸ್ತ್ರಿಯ ಕೋಣೆಯಲ್ಲಿ, ಮಡಿಸಿಟ್ಟ ಹಾಸುಬಟ್ಟೆಗಳ ನಡುವೆ ಕೂತು ನಾನು ಅವರಿಗೆ ಇತಿಹಾಸ ಹೇಳುತ್ತಿದ್ದೆ. ಅದಕ್ಕೆ ಪುಸ್ತಕ ಬೇಡ, ಕಣ್ಣೂ ಬೇಡ. ಪಾಠ ನಿಂತಿದೆ, ಪರೀಕ್ಷೆ ನಿಲ್ಲುವುದಿಲ್ಲ. ಮೊನ್ನೆ ಅವರಲ್ಲೊಬ್ಬಳು ಬಾಗಿಲಿಗೆ ಬಂದು, "ಟೀಚರ್ ಯಾಕೆ ಬರ್ತಿಲ್ಲ?" ಎಂದಳು. ನನ್ನ ತಮ್ಮ ತಗ್ಗಿದ ದನಿಯಲ್ಲಿ, "ಅವರಿಗೆ ತಲೆ ಸರಿಯಿಲ್ಲಮ್ಮಾ," ಎಂದ. ನಾನು ಮಹಡಿಯ ಮೆಟ್ಟಿಲಲ್ಲಿದ್ದೆ. ಕಣ್ಣು ಹೋದಾಗಲೂ ನನಗೆ ಅಷ್ಟು ಕತ್ತಲೆಯಾಗಿರಲಿಲ್ಲ.

ನನ್ನ ಬೇಡಿಕೆ ಸಣ್ಣದು. ನನ್ನ ತಲೆಯ ಬಗ್ಗೆ ಬರೆದ ವಾಕ್ಯವನ್ನು ಹೊಡೆದುಹಾಕಿ, ನನ್ನ ಕಣ್ಣನ್ನು, ಕಣ್ಣನ್ನೇ, ಪರೀಕ್ಷಿಸಿ, ತರಬೇತಿಗೆ ಸೇರಿಸಿಕೊಳ್ಳಿ. ಮತ್ತು ದೃಷ್ಟಿ ಕಳೆದುಕೊಂಡು ತಮ್ಮ ಕುರ್ಚಿಯಲ್ಲಿ ಕೂರುವ ಪ್ರತಿಯೊಬ್ಬರಿಗೂ, ಅವರು ಬಾಯಿ ತೆರೆಯುವ ಮೊದಲೇ ಹೇಳಿ: "ಇಲ್ಲದ್ದು ಕಾಣಬಹುದು, ಹೆದರಬೇಡಿ, ಇದು ಹುಚ್ಚಲ್ಲ." ಇಷ್ಟು ಹೇಳಿದರೆ ಒಬ್ಬ ತಾಯಿ ಮಗಳಿಂದ ಬಳ್ಳಿಯನ್ನು ಬಚ್ಚಿಡಬೇಕಾಗುವುದಿಲ್ಲ. ಇಂದು ತಮ್ಮಲ್ಲಿ ಸುಳ್ಳಿಗೆ ಬೆತ್ತ, ಸತ್ಯಕ್ಕೆ ಬೀಗ.

ಈ ಪತ್ರವನ್ನು ನಾನು ಹೇಳುತ್ತಿದ್ದೇನೆ, ತಮ್ಮನ ಹೆಂಡತಿ ಬರೆಯುತ್ತಿದ್ದಾಳೆ. "ಅಕ್ಕಾ, ಖಾರ ಜಾಸ್ತಿಯಾಯ್ತು," ಎಂದು ನಡುನಡುವೆ ಹೇಳಿದಳು. ಆದರೂ ಒಂದು ಮಾತನ್ನೂ ಬಿಡದೆ ಬರೆದಳು. ಬೀಗದ ಕೈ ಹಗಲು ಅವಳ ಹತ್ತಿರವೇ ಇರುತ್ತದೆ. ಈಗ, "ಬೇಗ ಮುಗ್ಸಿ, ನಾನು ಅಂಗಡಿಗೆ ಹೋಗ್ಬೇಕು. ನಂಗೆ ಮರೆವು ಜಾಸ್ತಿ ಅಂತ ನಿಮ್ಗೆ ಗೊತ್ತಲ್ಲ, ಬೀಗ ಹಾಕೋದು ಮರ್ತ್ರೂ ಮರ್ತೆ," ಎನ್ನುತ್ತಿದ್ದಾಳೆ. ಇದನ್ನೂ ಬರೆ ಎಂದೆ. ಬರೆದಳು.

ಪಾಳಿ ಬದಲಾಗುವ ಹೊತ್ತಾಗಿದೆ. ಬೆತ್ತವಿಲ್ಲ, ಗೋಡೆ ಹಿಡಿದು ಹೋಗುತ್ತೇನೆ. ಬಿದ್ದರೆ ತಮ್ಮ ಹಾಳೆ ಗೆದ್ದಿತು ಎಂದುಕೊಳ್ಳಿ. ಬೀಳದಿದ್ದರೆ ಆ ಹೆಂಗಸರ ಪರೀಕ್ಷೆಗೆ ಇನ್ನೂ ಮೂರು ಪಾಠ ಬಾಕಿಯಿದೆ, ನಾಳೆಯೂ ಹೋಗುತ್ತೇನೆ.

ಇಂತಿ,
ತಮ್ಮ ಆದೇಶದ ಪ್ರಕಾರ ಈ ಹೊತ್ತಿನಲ್ಲಿ ಮನೆಯೊಳಗೇ ಇರುವ
ಇತಿಹಾಸದ ಟೀಚರ್