ಆ ಕೆಂಪು ಪಟ್ಟಿಯನ್ನು ಒಮ್ಮೆ ಮುಟ್ಟಿ ನೋಡಿ, ಸಾಹೇಬರೇ

ಕಾರ್ಖಾನೆಗಳ ನಿರೀಕ್ಷಕ ಸಾಹೇಬರಿಗೆ,

ಮಾನ್ಯರೇ, ನೀವು ರಿಪೇರಿ ಮಾಡಿಸಿ ಎಂದು ಹೇಳಿಹೋದ ಮೆಷಿನ್ ಬಹಳ ಚೆನ್ನಾಗಿ ರಿಪೇರಿಯಾಗಿದೆ. ಈಗ ಅದು ಯಾರು ಏನು ಮಾಡಿದರೂ ನಿಲ್ಲುವುದಿಲ್ಲ. ನನ್ನ ಅಕ್ಕನ ಕೈ ಒಳಗೆ ಹೋದಾಗಲೂ ನಿಲ್ಲಲಿಲ್ಲ.

ಗಾಬರಿಯಾಗಬೇಡಿ, ಕೈ ಉಳಿದಿದೆ. ನಾನು ನಿಮ್ಮನ್ನು ಬಯ್ಯಲು ಕೂತವನೂ ಅಲ್ಲ. ಬಯ್ಯುವಷ್ಟು ಕನ್ನಡ ನನಗೆ ಚೆನ್ನಾಗಿಯೇ ಬರುತ್ತದೆ, ಆದರೆ ಅದನ್ನು ಪತ್ರಿಕೆಯವರು ಅಚ್ಚು ಹಾಕುವುದಿಲ್ಲ. ಸೋಮವಾರ ಅಕ್ಕ ಮತ್ತೆ ಅದೇ ಮೆಷಿನ್ ಮುಂದೆ ನಿಲ್ಲಬೇಕು. ಅಷ್ಟರೊಳಗೆ ನಿಮಗೆ ಒಂದು ವಿಷಯ ತಿಳಿಸಬೇಕಿತ್ತು. ನಿಮ್ಮ ಕಚೇರಿಗೆ ಎರಡು ಸಲ ಬಂದೆ. ಎರಡು ಸಲವೂ ನೀವು ಯಾವುದೋ ಕಾರ್ಖಾನೆಯ ಸುರಕ್ಷತೆ ನೋಡಲು ಹೋಗಿದ್ದಿರಿ. ಒಳ್ಳೆಯದೇ. ಹಾಗಾಗಿ ಊರೆಲ್ಲ ಓದುವಂತೆ ಬರೆಯುತ್ತಿದ್ದೇನೆ. ಯಾರಾದರೂ ಒಬ್ಬರು ನಿಮಗೆ ಮುಟ್ಟಿಸಿಯಾರು.

ನಮ್ಮದು ದೊಡ್ಡ ಲಾಂಡ್ರಿ. ಆಸ್ಪತ್ರೆ, ಹೋಟೆಲುಗಳ ಚಾದರಗಳೆಲ್ಲ ನಮ್ಮಲ್ಲಿಗೇ ಬರುತ್ತವೆ. ನಾನು ಹತ್ತನೇ ಕ್ಲಾಸ್ ಮುಗಿಸಿ, ಒಂದು ಕಡೆ ಕೂರಲಾಗದೆ ನಾಲ್ಕು ಕೆಲಸ ಬದಲಾಯಿಸಿ ಇಲ್ಲಿಗೆ ಬಂದವನು. ಕಾಲಿಗೆ ಚಕ್ರ ಕಟ್ಟಿಕೊಂಡು ಹುಟ್ಟಿದವನು ಎಂದು ನಮ್ಮ ಮೇಸ್ತ್ರಿ ನನಗೆ ಚಕ್ರದ ಗಾಡಿಯನ್ನೇ ಕೊಟ್ಟಿದ್ದಾರೆ. ಹಸಿ ಬಟ್ಟೆಯ ಗಾಡಿಯನ್ನು ತೊಳೆಯುವ ಕಡೆಯಿಂದ ಇಸ್ತ್ರಿ ಕಡೆಗೆ ತಳ್ಳುವುದು ನನ್ನ ಕೆಲಸ. ಇಸ್ತ್ರಿ ಕಡೆ ಇರುವುದೇ ಆ ರೋಲರ್. ಮಂಚದಷ್ಟು ಉದ್ದದ, ಕಾದ ಕಬ್ಬಿಣದ ಉರುಳೆ. ಒಂದು ತುದಿಯಲ್ಲಿ ಅಕ್ಕ, ಇನ್ನೊಂದು ತುದಿಯಲ್ಲಿ ನಾವೆಲ್ಲ ಚಿಕ್ಕಮ್ಮ ಎಂದು ಕರೆಯುವ ಹಿರಿಯ ಹೆಂಗಸು ನಿಂತು, ಚಾದರದ ಎರಡು ಮೂಲೆ ಹಿಡಿದು ಒಳಗೆ ಕೊಡಬೇಕು. ಉರುಳೆ ಅದನ್ನು ಎಳೆದುಕೊಂಡು ಆ ಕಡೆ ಹಪ್ಪಳದಂತೆ ಹೊರಗೆ ಬಿಡುತ್ತದೆ. ಚಾದರ ಯಾವುದು, ಕೈ ಯಾವುದು ಎಂದು ನೋಡುವ ಕಣ್ಣು ಅದಕ್ಕಿಲ್ಲ. ಅದಕ್ಕೇ ಮೆಷಿನ್ ಮಾಡಿದವರು ಮುಂದೆ ಒಂದು ಕಬ್ಬಿಣದ ಪಟ್ಟಿ ಇಟ್ಟಿದ್ದಾರೆ. ಕೈಯೋ ಮೊಣಕೈಯೋ ಅದಕ್ಕೆ ತಗಲಿದರೆ ಸಾಕು, ರೋಲರ್ ನಿಂತುಬಿಡಬೇಕು.

ನಮ್ಮಲ್ಲಿ ಆ ಪಟ್ಟಿ ಅಲ್ಲಾಡದಂತೆ ಹಳೆಯ ಚಾದರದ ಚಿಂದಿಯಿಂದ ಬಿಗಿದು ಕಟ್ಟಿರುತ್ತಿದ್ದರು. ಯಾಕೆಂದರೆ ರೋಲರ್ ನಿಂತಾಗಲೆಲ್ಲ ಒಳಗಿದ್ದ ಚಾದರ ಕಂದು ಬಣ್ಣಕ್ಕೆ ತಿರುಗುತ್ತದೆ. ಕಟ್ಟಿದ್ದು ಎಲ್ಲರಿಗೂ ಕಾಣುತ್ತಿತ್ತು. ಕಾಣುತ್ತಿದ್ದುದರಿಂದ ಎಲ್ಲರೂ ಹೆದರಿ ಕೈ ಹಿಂದಿಟ್ಟುಕೊಂಡೇ ಕೆಲಸ ಮಾಡುತ್ತಿದ್ದರು.

ಇನ್ನು ನೀವು ಬಂದ ದಿನಕ್ಕೆ ಬರೋಣ. ನಿಜ ಹೇಳುತ್ತೇನೆ ಸಾಹೇಬರೇ, ನೀವು ಬರುವ ದಿನವೆಂದರೆ ನಮಗೆಲ್ಲ ಬಹಳ ಇಷ್ಟ. ಬೆಳಿಗ್ಗೆ ಹೋದ ಕೂಡಲೇ ಗೊತ್ತಾಗುತ್ತದೆ.

"ಏನೋ ಇದು, ಫ್ಯಾನೆಲ್ಲ ತಿರುಗ್ತಿದೆ! ಸಾಹೇಬ್ರು ಬರ್ತಿದ್ದಾರೇನೋ?" ಎಂದಳು ಚಿಕ್ಕಮ್ಮ.

ಹೌದು, ನೀವೇ. ಹಿಂದಿನ ಬಾಗಿಲಿನ ಬೀಗ ತೆಗೆದಿತ್ತು. ಕೈಗವಸುಗಳು ಬಂದಿದ್ದವು, ಇನ್ನೂ ಅಂಗಡಿಯ ಪ್ಲಾಸ್ಟಿಕ್ಕಿನ ಒಳಗೇ ಇದ್ದವು. ಔಷಧಿ ಪೆಟ್ಟಿಗೆಯ ಕೀಲಿಕೈ ಕೂಡ ಎಲ್ಲಿಂದಲೋ ಪ್ರತ್ಯಕ್ಷವಾಗಿತ್ತು. ಕಾಯ್ದೆ ಹೇಳುವುದೆಲ್ಲವೂ ನಮ್ಮಲ್ಲಿದೆ, ನೆಂಟರು ಬಂದಾಗ ಮಾತ್ರ ಹೊರಗೆ ತೆಗೆಯುವ ಲೋಟಗಳ ಹಾಗೆ. ಪಟ್ಟಿಗೆ ಕಟ್ಟಿದ್ದ ಚಿಂದಿಯನ್ನೂ ಅವತ್ತು ಬಿಚ್ಚಿದ್ದರು. ಮೇಸ್ತ್ರಿ ಬಂದು, "ನೋಡ್ರಮ್ಮಾ, ಇವತ್ತು ಪಟ್ಟಿ ಬಿಟ್ಟಿದೆ. ಮುಟ್ಬೇಡಿ, ನಿಂತ್ಹೋಗುತ್ತೆ" ಎಂದು ಎಚ್ಚರಿಸಿಹೋದರು.

ಆದರೆ ವರ್ಷಗಟ್ಟಲೆ ಕಟ್ಟಿದ ಪಟ್ಟಿಗೆ ಒರಗಿಕೊಂಡು ಕೆಲಸ ಮಾಡಿದ ಮೈ ಒಂದೇ ಬೆಳಿಗ್ಗೆ ಹೇಗೆ ಕಲಿಯುತ್ತದೆ? ನೀವು ಎದುರಿಗೆ ಬಂದು ನಿಂತಿರಿ. ಅಕ್ಕನ ಮೊಣಕೈ ತಗಲಿತು, ರೋಲರ್ ನಿಂತಿತು. ಮತ್ತೆ ಶುರು ಮಾಡಿದರೆ ಚಿಕ್ಕಮ್ಮನ ಹೊಟ್ಟೆ ತಗಲಿತು. ಮತ್ತೆ ಅಕ್ಕ. ಅವಳಿಗೆ ಅಳುವೇ ಬಂದಿತ್ತು.

"ತಪ್ಪಾಯ್ತು ಸಾರ್, ಕೈ ತಗಲಿಬಿಡ್ತು."

"ನಿಮ್ಮ ತಪ್ಪಲ್ಲಮ್ಮ, ಮೆಷಿನ್ನೇ ಸರಿ ಇಲ್ಲ" ಎಂದಿರಿ ನೀವು. ಎಷ್ಟು ಸಮಾಧಾನವಾಗಿ ಹೇಳಿದಿರಿ! ಅಕ್ಕ ಅವತ್ತು ಮನೆಗೆ ಬಂದು ನಿಮ್ಮನ್ನು ಹೊಗಳಿದ್ದೇ ಹೊಗಳಿದ್ದು. ಅಕ್ಕನಿಗೆ ಹಾಗೆಂದ ಮೇಲೆ ನೀವು ಮೇಸ್ತ್ರಿ ಕಡೆ ತಿರುಗಿ, "ಏನ್ರೀ ಇದು, ಪದೇ ಪದೇ ನಿಲ್ತಿದೆ?" ಎಂದಿರಿ.

ನಮ್ಮ ಮೇಸ್ತ್ರಿ ಯಾರು ಏನಂದರೂ ಆಯ್ತು ಎನ್ನುವವರು. "ಆಯ್ತು ಸಾರ್, ಆಯ್ತು."

"ಏನ್ ಆಯ್ತು? ಮೊದಲು ರಿಪೇರಿ ಮಾಡಿಸಿ. ಮುಂದಿನ ಸಲ ಬಂದಾಗ ಇದು ಹೀಗೆ ನಿಲ್ಲಬಾರದು."

ಪಕ್ಕದಲ್ಲೇ ನಿಂತಿದ್ದ ಮಾಲೀಕರು ಕೈ ಕಟ್ಟಿಕೊಂಡು ತಲೆಯಾಡಿಸಿದರು. ಅಷ್ಟು ವಿಧೇಯರಾಗಿ ಅವರು ತಲೆಯಾಡಿಸಿದ್ದನ್ನು ನಾನು ಅದಕ್ಕಿಂತ ಮುಂಚೆ ನೋಡಿರಲಿಲ್ಲ.

ನಿಮ್ಮ ಆಜ್ಞೆ ಮೀರಲಿಲ್ಲ. ಅದೇ ವಾರ ವೆಲ್ಡಿಂಗಿನವನು ಬಂದು ಪಟ್ಟಿಯನ್ನು ಎರಡೂ ತುದಿಯಲ್ಲಿ ಅಲ್ಲಾಡದಂತೆ ಮೆಷಿನ್ನಿಗೇ ಬೆಸೆದುಹೋದ. ಮೇಲೆ ಕೆಂಪು ಬಣ್ಣ ಬಳಿದ. ಚಿಂದಿ ಹೋಯಿತು, ಹೊಸ ಮದುಮಗಳ ಹಾಗೆ ಪಟ್ಟಿ ಹೊಳೆಯತೊಡಗಿತು. ಬೆಸೆದ ಗುರುತು ಬಣ್ಣದಡಿ ಮುಚ್ಚಿಹೋಗಿತ್ತು. ನಮಗೆ ಯಾರೂ ಏನೂ ಹೇಳಲಿಲ್ಲ. ನಾವೂ ಕೇಳಲಿಲ್ಲ, ಸಾಹೇಬರೇ ಹೇಳಿ ಮಾಡಿಸಿದ ರಿಪೇರಿ ಅಲ್ಲವೇ?

"ಈಗ ಸರಿಹೋಯ್ತು ಕಣೇ. ಸುಮ್ಸುಮ್ನೆ ನಿಲ್ಲಲ್ಲ, ಬೇಕಾದಾಗ ಮಾತ್ರ ನಿಲ್ಲುತ್ತೆ" ಎಂದಳು ಚಿಕ್ಕಮ್ಮ.

"ಇನ್ಮೇಲೆ ಧೈರ್ಯವಾಗಿ ಕೈ ಹಾಕಬಹುದು ಬಿಡು ಚಿಕ್ಕಮ್ಮ" ಎಂದಳು ಅಕ್ಕ.

ಹಾಕಿದಳು. ಚಾದರದ ಅಂಚಿನ ದಾರ ಬಿಚ್ಚಿಕೊಂಡು ಅವಳ ಬೆರಳಿಗೆ ಸುತ್ತಿಕೊಂಡಿತ್ತು. ರೋಲರ್ ಕೈಯನ್ನೂ ಎಳೆಯಿತು. ಅವಳು ಮೊಣಕೈಯಿಂದ ಆ ಕೆಂಪು ಪಟ್ಟಿಯನ್ನು ಒತ್ತಿದಳು. ಮತ್ತೆ ಒತ್ತಿದಳು. ನಾನು ಗಾಡಿ ಬಿಟ್ಟು ಗೋಡೆಯ ಮೇಲಿನ ಮೇನ್ ಸ್ವಿಚ್ಚಿಗೆ ಓಡಿದೆ. ಅದರ ಮುಂದೆ ಬಟ್ಟೆಯ ಗಂಟುಗಳನ್ನು ಎದೆಯೆತ್ತರ ಒಟ್ಟಿದ್ದರು. ಹತ್ತಿ ಹೋಗಿ ಆರಿಸಿದೆ. ಅಷ್ಟು ಹೊತ್ತಿಗೆ ಬಲಗೈ ಬೆರಳುಗಳು ಬೆಂದಿದ್ದವು.

ಮಾಲೀಕರು ಕಲ್ಲುಹೃದಯದವರಲ್ಲ. ತಮ್ಮ ಕಾರಿನಲ್ಲೇ ಅಕ್ಕನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದರು, ಸೀಟಿನ ಮೇಲೆ ನಾವೇ ಒಗೆದ ಚಾದರ ಹಾಸಿ. ಮಾರನೇ ದಿನ ನಾನು ಅವರ ಕೋಣೆಗೆ ಹೋಗಿ ಪಟ್ಟಿ ಯಾಕೆ ನಿಲ್ಲಿಸಲಿಲ್ಲ ಎಂದು ಕೇಳಿದೆ.

"ಸಾಹೇಬ್ರೇ ಹೇಳಿದ್ರಲ್ಲಪ್ಪಾ, ನಿಲ್ಲಬಾರದು ಅಂತ. ನಿನ್ನ ಎದುರಿಗೇ ಹೇಳಿದ್ರು. ಇನ್ನು ನಿಮ್ಮಕ್ಕ ಮೈಮೇಲೆ ಎಚ್ಚರ ಇಟ್ಕೊಂಡು ಕೆಲಸ ಮಾಡಿದ್ರೆ ಇದೆಲ್ಲ ಯಾಕಾಗುತ್ತೆ?"

ತಲೆ ಎತ್ತಿದರೆ ಅವರ ಕುರ್ಚಿಯ ಹಿಂದಿನ ಗೋಡೆಯಲ್ಲಿ ನಿಮ್ಮ ಇಲಾಖೆಯ ಫಲಕ. ಮೆಷಿನ್ನಿನ ಅಪಾಯದ ಭಾಗಕ್ಕೆ ತಡೆ ಇಡುವುದು, ಅದನ್ನು ಸುಸ್ಥಿತಿಯಲ್ಲಿಡುವುದು, ಕೆಲಸಗಾರರಿಗೆ ಅಪಾಯ ತಿಳಿಸಿ ತರಬೇತಿ ಕೊಡುವುದು, ಇವೆಲ್ಲ ಮಾಲೀಕರ ಕರ್ತವ್ಯ ಎಂದು ಬರೆದಿತ್ತು. ಕೊನೆಯ ಸಾಲು: "ಈ ಫಲಕವನ್ನು ಕೆಲಸಗಾರರ ಕಣ್ಣಿಗೆ ಬೀಳುವ ಸ್ಥಳದಲ್ಲಿ ಹಾಕತಕ್ಕದ್ದು." ಬಿತ್ತು ಸಾಹೇಬರೇ, ನನ್ನ ಕಣ್ಣಿಗೆ ಬಿತ್ತು. ಆದರೆ ಅದನ್ನು ಓದಬೇಕಾದರೆ ಮನೆಯಲ್ಲಿ ಒಬ್ಬರು ಕೈ ಸುಟ್ಟುಕೊಳ್ಳಬೇಕು, ಇಲ್ಲದಿದ್ದರೆ ಆ ಕೋಣೆಗೆ ನಮ್ಮಂಥವರಿಗೆ ಪ್ರವೇಶವಿಲ್ಲ.

ಎಚ್ಚರದ ಮಾತಿಗೆ ಈಗ ಉತ್ತರ ಹೊಳೆದಿದೆ. ಎಚ್ಚರವೊಂದೇ ಸಾಕಾಗುವುದಾದರೆ ಪಟ್ಟಿ ಯಾಕೆ, ಕಾಯ್ದೆ ಯಾಕೆ, ನೀವಾದರೂ ಯಾಕೆ? ಬೆಳಿಗ್ಗೆಯಿಂದ ಸಂಜೆಯವರೆಗೆ ಬಿಸಿ ಹಬೆಯಲ್ಲಿ ನಿಂತ ಮನುಷ್ಯನ ಎಚ್ಚರ ಒಂದು ಕ್ಷಣ ತಪ್ಪಿಯೇ ತಪ್ಪುತ್ತದೆ ಎಂದು ತಿಳಿದವರೇ ತಾನೇ ಕಾಯ್ದೆ ಬರೆದದ್ದು? ನನ್ನ ಅಕ್ಕನಿಗೆ ಎಚ್ಚರವಿತ್ತು. ಚಿಂದಿ ಕಟ್ಟಿದ್ದಷ್ಟು ದಿನವೂ ಇತ್ತು. ಅವಳು ಎಚ್ಚರ ಬಿಟ್ಟದ್ದು ನಿಮ್ಮನ್ನು ನಂಬಿದ ಮೇಲೆ.

ನೀವು ಕೇಡು ಬಯಸಿ ಹೇಳಿದಿರಿ ಎನ್ನುತ್ತಿಲ್ಲ. ಪದೇ ಪದೇ ನಿಲ್ಲುವ ಮೆಷಿನ್ ಕಂಡರೆ ಯಾರಿಗಾದರೂ ಕೆಟ್ಟಿದೆ ಎಂದೇ ಅನ್ನಿಸುತ್ತದೆ. ಆದರೆ ಒಂದು ಮಾತು, ಯಾಕಮ್ಮಾ ನಿಲ್ತಿದೆ ಎಂದು ಅಕ್ಕನನ್ನೇ ಕೇಳಿದ್ದರೆ? ಅವಳು ಹೆದರಿ ಏನೂ ಹೇಳುತ್ತಿರಲಿಲ್ಲ ಅನ್ನಿ. ಚಿಕ್ಕಮ್ಮ ಹೇಳುತ್ತಿದ್ದಳು. ಅವಳ ಬಾಯಿಗೆ ಪಟ್ಟಿ ಕಟ್ಟಿದವರು ಇನ್ನೂ ಹುಟ್ಟಿಲ್ಲ.

ಎರಡು ಬೆರಳು ಇನ್ನೂ ಪೂರ್ತಿ ಮಡಚುವುದಿಲ್ಲ. ಬೆಳಿಗ್ಗೆ ಮಗಳಿಗೆ ಜಡೆ ಹಾಕುತ್ತಿದ್ದವಳು ಅಕ್ಕ. ಭಾವ ಊರೂರು ತಿರುಗುವ ಲಾರಿಯಲ್ಲಿರುತ್ತಾರೆ, ಆ ಕೆಲಸ ನನ್ನ ಪಾಲಿಗೆ ಬಂದಿದೆ. "ಮಾಮ, ಒಂದು ಜಡೆ ಕಿವಿ ಹತ್ರ ಇದೆ, ಒಂದು ಬೆನ್ನ ಹಿಂದೆ ಇದೆ. ಎಲ್ರೂ ನಗ್ತಾರೆ" ಎಂದು ದಿನಾ ಜಗಳ. ಅಕ್ಕ ಪಕ್ಕದಲ್ಲಿ ಕೂತು ಎಡಗೈಯಿಂದ ತೋರಿಸಿಕೊಡುತ್ತಾಳೆ. ನಗುತ್ತಾಳೆ ಕೂಡ. ಆದರೆ ನಿನ್ನೆ ಮಗಳು ಮಲಗಿದ ಮೇಲೆ ಕೇಳಿದಳು: "ಸೋಮವಾರ ಆ ಪಟ್ಟಿ ಹಂಗೇ ಇರುತ್ತೇನೋ?" ಇದರ ಉತ್ತರ ನಿಮ್ಮ ಹತ್ತಿರ ಇದೆ.

ಆದ್ದರಿಂದ ಬೇಡುವುದು ಇಷ್ಟೇ. ಸೋಮವಾರ ಬೆಳಿಗ್ಗೆ, ಕೆಲಸ ಶುರುವಾಗುವ ಮುಂಚೆ ಬನ್ನಿ. ಮೊದಲೇ ಯಾರಿಗೂ ಹೇಳಬೇಡಿ. ಫ್ಯಾನ್ ತಿರುಗದಿದ್ದರೆ ಕ್ಷಮಿಸಿ. ಮುಂಬಾಗಿಲು ಬೇಡ, ನನ್ನ ಗಾಡಿ ಬರುವ ದಾರಿಯಲ್ಲಿ ಬನ್ನಿ, ನಾನೇ ಕರೆದುಕೊಂಡು ಹೋಗುತ್ತೇನೆ. ರೋಲರ್ ತಿರುಗುವಾಗ ಆ ಕೆಂಪು ಪಟ್ಟಿಯ ಮೇಲೆ ಕೈ ಇಟ್ಟು ಒತ್ತಿ. ಅದು ನಿಂತರೆ ಈ ಪತ್ರಕ್ಕೆ ಇದೇ ಪತ್ರಿಕೆಯಲ್ಲಿ ಕ್ಷಮೆ ಕೇಳುತ್ತೇನೆ. ನಿಲ್ಲದಿದ್ದರೆ ನೀವು ನಿಲ್ಲಿಸಿ. ಬೆಸುಗೆ ಬಿಡಿಸಿ ಪಟ್ಟಿ ಸರಿಯಾಗುವವರೆಗೆ ಅದು ತಿರುಗದಂತೆ ಬೀಗ ಹಾಕಿಸಿ. ಚಾದರ ಸುಟ್ಟರೆ ಸುಡಲಿ, ಅದು ಇನ್ನೊಂದು ಸಿಗುತ್ತದೆ.

ಇಂತಿ,
ನಿಮ್ಮ ದಾರಿ ಕಾಯುತ್ತಾ, ಅಲ್ಲಿಯವರೆಗೆ ಸೊಟ್ಟ ಜಡೆ ಹಾಕುತ್ತಿರುವ,
ಲಾಂಡ್ರಿಯ ಗಾಡಿ ತಳ್ಳುವವನು