ಫ್ಯಾನಿನ ರೆಕ್ಕೆ ಮೇಲಿನ ಧೂಳು

ಬನಹಟ್ಟಿ, ಸೋಮವಾರ, ೧೪ ಅಕ್ಟೋಬರ್

ಥೂ, ನನ್ನ ಕೈ ಮೇಲೆ ನನಗೇ ಹೇಸಿಗೆಯಾಗಿದೆ. ಅವ್ವನಿಗೆಂದು ಮಾಡಿದ ಅಂಗೈಯಗಲದ ಪವರ್‌ಲೂಮ್ ಮಾದರಿಗೆ ಮೂರು ವಾರ ಏರ್‌ಬ್ರಷ್‌ನಿಂದ ತೆಳುವಾಗಿ ಹಸಿರು ಬಣ್ಣ ಕೂರಿಸಿದ್ದೆ. ಕೊನೆಯ ಹೊಳಪನ್ನು ಸ್ಪ್ರೇ ಕ್ಯಾನ್‌ನಿಂದ ಹೊಡೆಯಲು, ಗಾಳಿಯಲ್ಲಿ ಹತ್ತಿಯ ಧೂಳು ಇರಬಾರದೆಂದು, ಓಣಿಯ ಮಗ್ಗಗಳೆಲ್ಲ ನಿಲ್ಲುವ ಇವತ್ತಿನ ರಜೆಗೆ ಕಾದಿದ್ದೆ. ಹೊಡೆದೆ, ಕನ್ನಡಿಯಂತೆ ಹೊಳೆಯಿತು. ಬೇಗ ಒಣಗಲೆಂದು ಫ್ಯಾನ್ ಹಾಕಿದೆ, ಮುಠ್ಠಾಳ. ರೆಕ್ಕೆಗಳ ಮೇಲೆ ಕೂತಿದ್ದ ವರ್ಷದ ಹತ್ತಿ ಧೂಳೆಲ್ಲ ಹಸಿ ಬಣ್ಣಕ್ಕೆ ಮೆತ್ತಿಕೊಂಡಿತು.

ಎಸೆಯಲು ಎತ್ತಿದೆ. ಮೂವತ್ತು ವರ್ಷ ಮಗ್ಗ ನಡೆಸಿದ ಅವ್ವ ಕೈ ಹಿಡಿದಳು. "ಒಗೀಬ್ಯಾಡೋ ಶಿವಪುತ್ರ. ಈಗ ನೋಡು, ಖರೆ ಮಗ್ಗ ಇದ್ದಂಗ ಕಾಣಾಕತ್ತೈತಿ."

ಅದನ್ನು ತಲೆದೆಸೆಯಲ್ಲಿಟ್ಟುಕೊಂಡು ಪಕ್ಕದ ಕೋಣೆಯಲ್ಲಿ ಮಲಗಿದ್ದಾಳೆ. ಆ ಧೂಳು ಕುಡಿದ ಎದೆ ಇನ್ನೂ ಕೆಮ್ಮುತ್ತಿದೆ. ಅಂಥ ಮಗ್ಗಕ್ಕೆ ಹೊಳಪು ಕೊಡಲು ಕೂತಿದ್ದೆನಲ್ಲ, ಥೂ.